ಬ್ರೆಸ್ಟ್ ಕ್ಯಾನ್ಸರ್: ಕಾಯಿಲೆ ಹೆಸರು ಒಂದೇ, ಟ್ರೀಟ್‌ಮೆಂಟ್ ಮಾತ್ರ ಒಬ್ಬೊಬ್ಬರಿಗೆ ಒಂದೊಂದು, ಯಾಕೆ?

ಒಬ್ಬರಿಗೆ ಆಪರೇಷನ್ ಮಾಡಿ, ಮೂರು ವಾರ ರೇಡಿಯೇಷನ್ ಕೊಟ್ಟು, ದಿನಕ್ಕೊಂದು ಮಾತ್ರೆ ಬರೆದು ಕಳಿಸ್ತಾರೆ. ಇನ್ನೊಬ್ಬರಿಗೆ ಗಡ್ಡೆ ಮುಟ್ಟೋಕೂ ಮುಂಚೆ ಐದಾರು ತಿಂಗಳು ಕೀಮೋ ಅಂತಾರೆ. ಮತ್ತೊಬ್ಬರಿಗೆ ವರ್ಷಪೂರ್ತಿ ಮೂರು ವಾರಕ್ಕೊಂದು ಇಂಜೆಕ್ಷನ್. ಮೂರೂ ಫೈಲಲ್ಲಿ ಬರೆದಿರೋದು ಬ್ರೆಸ್ಟ್ ಕ್ಯಾನ್ಸರ್ ಅಂತಾನೇ. ಮನೆಯವರು ಇದನ್ನ ನೋಡಿ ಕಂಗಾಲಾಗ್ತಾರೆ, ಅವರಿಗೆ ಕೀಮೋ ಇಲ್ಲ ನಮಗ್ಯಾಕೆ, ಅವರಿಗೆ ತಕ್ಷಣ ಆಪರೇಷನ್ ಮಾಡಿದ್ರು ನಮಗ್ಯಾಕೆ ಕಾಯಿಸ್ತಿದಾರೆ, ಡಾಕ್ಟರ್ ಏನೋ ಮುಚ್ಚಿಡ್ತಿದಾರಾ ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲದೆ ಯೋಚನೆ ಮಾಡ್ತಾರೆ. ಇದಕ್ಕೆಲ್ಲ ಉತ್ತರ ಇರೋದು ಬಯಾಪ್ಸಿ (ಗಡ್ಡೆಯ ತುಣುಕು ತೆಗೆದು ನೋಡೋ ಪರೀಕ್ಷೆ) ರಿಪೋರ್ಟಿನ ನಾಕೈದು ಸಾಲಲ್ಲಿ. ಆ ಸಾಲುಗಳು ಅರ್ಥ ಆದ್ರೆ ಅರ್ಧ ಭಯ ಕಮ್ಮಿ ಆಗತ್ತೆ, ಡಾಕ್ಟರ್ ಹತ್ರ ಸರಿಯಾದ ಪ್ರಶ್ನೆ ಕೇಳೋಕೂ ಬರತ್ತೆ. ಅದಕ್ಕೇ ಈ ಲೇಖನ ಬರೀತಿದೀನಿ.

ಮೊದಲು ಕಾಯಿಲೆ ಏನು ಅಂತ ನೋಡೋಣ. ಸ್ತನದೊಳಗೆ ಹಾಲು ತಯಾರಾಗೋ ಸಣ್ಣ ಸಣ್ಣ ಗ್ರಂಥಿಗಳಿರ್ತವೆ, ಆ ಹಾಲನ್ನ ತೊಟ್ಟಿನ ತನಕ ತರೋ ನಾಳಗಳಿರ್ತವೆ, ಸುತ್ತ ಕೊಬ್ಬು, ನಾರಿನಂಥ ಅಂಗಾಂಶ, ರಕ್ತನಾಳ, ಅಂಗಾಂಶದಿಂದ ದ್ರವ ಸಾಗಿಸೋ ಲಿಂಫ್ ನಾಳ. ಹೆಚ್ಚಿನ ಬ್ರೆಸ್ಟ್ ಕ್ಯಾನ್ಸರ್ ಶುರುವಾಗೋದು ಹಾಲಿನ ನಾಳದ ಒಳಗೋಡೆಯ ಜೀವಕೋಶಗಳಲ್ಲಿ, ಸ್ವಲ್ಪ ಭಾಗ ಗ್ರಂಥಿಗಳಲ್ಲಿ. ಜೀವಕೋಶದ ಡಿಎನ್‌ಎಯಲ್ಲಿ ವರ್ಷಗಟ್ಟಲೆ ಒಂದರ ಮೇಲೊಂದು ಬದಲಾವಣೆ ಸೇರಿ, ಬೆಳೆಯೋದು ನಿಲ್ಲಿಸು ಅನ್ನೋ ಸಿಗ್ನಲ್ ಅದಕ್ಕೆ ತಾಗದ ಹಾಗಾಗತ್ತೆ. ಆ ಕೋಶಗಳು ನಾಳದ ಒಳಗೇ ಇದ್ದು ಗೋಡೆ ದಾಟಿಲ್ಲ ಅಂದ್ರೆ ಅದು ಡಿಸಿಐಎಸ್, ಸ್ಟೇಜ್ ಸೊನ್ನೆ, ಅದು ಬೇರೆ ಕಡೆ ಹರಡೋಕೆ ದಾರಿ ಇಲ್ಲ, ಆದ್ರೆ ಬಿಟ್ರೆ ಮುಂದೆ ಗೋಡೆ ದಾಟಬಹುದು ಅಂತ ಸಾಮಾನ್ಯವಾಗಿ ತೆಗೀತಾರೆ. ಗೋಡೆ ದಾಟಿದ್ರೆ ಅದನ್ನ ಇನ್ವೇಸಿವ್ ಅಂತಾರೆ, ಆಗ ಲಿಂಫ್ ನಾಳದ ಮೂಲಕ ಕಂಕುಳಿನ ಗ್ರಂಥಿಗಳಿಗೆ, ರಕ್ತದ ಮೂಲಕ ಮೂಳೆ, ಲಿವರ್, ಶ್ವಾಸಕೋಶ, ಮೆದುಳಿಗೆ ಹೋಗೋ ಸಾಧ್ಯತೆ ಇರತ್ತೆ.

ಯಾಕೆ ಬಂತು ಅನ್ನೋ ಪ್ರಶ್ನೆ ಎಲ್ಲರನ್ನೂ ತಿನ್ನತ್ತೆ, ಅದರಲ್ಲೂ ಕಾಯಿಲೆ ಬಂದ ಹೆಣ್ಣುಮಕ್ಕಳು ನಾನೇನೋ ತಪ್ಪು ಮಾಡಿದೀನಿ ಅಂತ ಕೊರಗ್ತಾರೆ, ಅದನ್ನ ನೋಡಿದ್ರೆ ತುಂಬ ಸಂಕಟ ಆಗತ್ತೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ ಸುಮಾರು ಅರ್ಧದಷ್ಟು ಜನರಿಗೆ ಹೆಣ್ಣಾಗಿರೋದು ಮತ್ತೆ ವಯಸ್ಸು ಇವೆರಡು ಬಿಟ್ರೆ ಬೇರೆ ಯಾವ ರಿಸ್ಕೂ ಇರೋದಿಲ್ಲ. 2022ರಲ್ಲಿ ಜಗತ್ತಿನಾದ್ಯಂತ 23 ಲಕ್ಷ ಹೆಂಗಸರಿಗೆ ಈ ಕಾಯಿಲೆ ಪತ್ತೆ ಆಯ್ತು, 6 ಲಕ್ಷದ 70 ಸಾವಿರ ಜನ ತೀರಿಕೊಂಡ್ರು. ಬೇಗ ಮುಟ್ಟು ಶುರುವಾಗೋದು, ತಡವಾಗಿ ನಿಲ್ಲೋದು, ಮಕ್ಕಳಾಗದೆ ಇರೋದು ಅಥವಾ ತಡವಾಗಿ ಆಗೋದು, ಮುಟ್ಟು ನಿಂತ ಮೇಲೆ ತೂಕ ಜಾಸ್ತಿ ಆಗೋದು, ಮದ್ಯಪಾನ, ಕೆಲವು ಥರದ ಹಾರ್ಮೋನ್ ಥೆರಪಿ, ಚಿಕ್ಕ ವಯಸ್ಸಲ್ಲಿ ಎದೆಗೆ ರೇಡಿಯೇಷನ್ ತಗೊಂಡಿರೋದು, ಇವೆಲ್ಲ ರಿಸ್ಕ್ ಸ್ವಲ್ಪ ಸ್ವಲ್ಪ ಏರಿಸ್ತವೆ, ಎದೆಹಾಲು ಕುಡಿಸೋದು ಸ್ವಲ್ಪ ಇಳಿಸತ್ತೆ. ಬ್ರಾ ಹಾಕೋದ್ರಿಂದ, ಡಿಯೋಡರೆಂಟ್‌ನಿಂದ, ಎಲ್ಲೋ ಪೆಟ್ಟು ಬಿದ್ದಿದ್ದರಿಂದ ಬರತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಒಬ್ಬರಿಂದ ಒಬ್ಬರಿಗೆ ಅಂಟೋದಂತೂ ಇಲ್ವೇ ಇಲ್ಲ, ಒಟ್ಟಿಗೆ ಊಟ ಮಾಡಿ, ಮಕ್ಕಳನ್ನ ತಬ್ಬಿಕೊಳ್ಳಿ, ಏನೂ ಆಗಲ್ಲ. ಗಂಡಸರಿಗೂ ಬರತ್ತೆ, ಒಟ್ಟು ಕೇಸುಗಳಲ್ಲಿ ಅರ್ಧದಿಂದ ಒಂದು ಪರ್ಸೆಂಟ್ ಅಷ್ಟು, ಆದ್ರೆ ಗಂಡಸಿಗೆಲ್ಲಿ ಬರತ್ತೆ ಅಂತ ಯಾರೂ ತಲೆಕೆಡಿಸ್ಕೊಳ್ಳದೆ ಲೇಟಾಗಿ ಹೋಗ್ತಾರೆ.

ವಂಶದಿಂದ ಬರೋ ಕಾಯಿಲೆ ಅಂತ ಎಲ್ಲರೂ ಅಂದ್ಕೊಂಡಿದಾರೆ, ನಿಜ ಅಂದ್ರೆ ಹುಟ್ಟಿನಿಂದ ಬಂದ ಜೀನ್ ದೋಷದಿಂದ ಆಗೋದು 5ರಿಂದ 10 ಪರ್ಸೆಂಟ್ ಮಾತ್ರ. ಇದರಲ್ಲಿ ಮುಖ್ಯವಾದವು ಬಿಆರ್‌ಸಿಎ1 ಮತ್ತೆ ಬಿಆರ್‌ಸಿಎ2, 1994-95ರಲ್ಲಿ ಪತ್ತೆಯಾದ ಜೀನ್‌ಗಳು, ಮುರಿದ ಡಿಎನ್‌ಎಯನ್ನ ರಿಪೇರಿ ಮಾಡೋದು ಇವುಗಳ ಕೆಲಸ. ಅದರಲ್ಲಿ ದೋಷ ಇದ್ರೆ ಜೀವಮಾನದಲ್ಲಿ ಬ್ರೆಸ್ಟ್ ಕ್ಯಾನ್ಸರ್ ಬರೋ ಸಾಧ್ಯತೆ ಶೇಕಡ 60ರ ಮೇಲೆ ಹೋಗತ್ತೆ, ಅಂಡಾಶಯದ ಕ್ಯಾನ್ಸರಿನ ರಿಸ್ಕೂ ಏರತ್ತೆ. ಇದು ಅಪ್ಪನ ಕಡೆಯಿಂದಲೂ ಬರಬಹುದು, ಆದ್ದರಿಂದ ಅಮ್ಮನ ಕಡೆ ಯಾರಿಗೂ ಇಲ್ಲ ಅಂತ ಅಲ್ಲಿಗೇ ಬಿಡೋಕಾಗಲ್ಲ. ಚಿಕ್ಕ ವಯಸ್ಸಲ್ಲಿ ಬಂದಿದ್ರೆ, ಎರಡೂ ಕಡೆ ಬಂದಿದ್ರೆ, ಗಂಡಸಿಗೆ ಬಂದಿದ್ರೆ, ಟ್ರಿಪಲ್ ನೆಗೆಟಿವ್ (ಇದೇನು ಅಂತ ಮುಂದೆ ಹೇಳ್ತೀನಿ) ಆಗಿದ್ರೆ ಜೀನ್ ಟೆಸ್ಟ್ ಬೇಕಾ ಅಂತ ನೀವೇ ಕೇಳಿ.

ಇನ್ನು ಲಕ್ಷಣ. ಅತಿ ಸಾಮಾನ್ಯವಾಗಿ ಸಿಗೋದು ನೋವಿಲ್ಲದ ಗಟ್ಟಿ ಗಂಟು. ನೋವಿಲ್ಲ ಅನ್ನೋದೇ ಇಲ್ಲಿ ಮೋಸ ಮಾಡೋದು, ನೋವಿಲ್ವಲ್ಲ ಏನಾಗಲ್ಲ ಬಿಡು ಅಂತ ತಿಂಗಳುಗಟ್ಟಲೆ ಸುಮ್ನಿರ್ತಾರೆ. ಬರೀ ನೋವು ಮಾತ್ರ ಇದ್ರೆ ಅದು ಕ್ಯಾನ್ಸರ್ ಆಗಿರೋದು ಅಪರೂಪ. ಇದಲ್ಲದೆ ಚರ್ಮ ಒಳಗೆ ಎಳೆದ ಹಾಗೆ ಗುಳಿ ಬೀಳೋದು, ಕಿತ್ತಳೆ ಸಿಪ್ಪೆ ಥರ ದಪ್ಪ ಆಗೋದು, ಇದ್ದಕ್ಕಿದ್ದಂತೆ ತೊಟ್ಟು ಒಳಗೆ ಹೋಗೋದು, ತೊಟ್ಟಿನಿಂದ ರಕ್ತ ಬರೋದು, ತೊಟ್ಟಿನ ಮೇಲೆ ವಾಸಿ ಆಗದ ಹುಣ್ಣು ಅಥವಾ ಕಜ್ಜಿ, ಕಂಕುಳಲ್ಲಿ ಗಂಟು, ಎದೆ ಪೂರ್ತಿ ಕೆಂಪಾಗಿ ಬಿಸಿಯಾಗಿ ಊದೋದು. ಕೊನೇದನ್ನ ಇನ್‌ಫೆಕ್ಷನ್ ಅಂದ್ಕೊಂಡು ಆಂಟಿಬಯಾಟಿಕ್ ಕೊಡ್ತಾರೆ, ಕೋರ್ಸ್ ಮುಗಿದ್ರೂ ಕಮ್ಮಿ ಆಗ್ಲಿಲ್ಲ ಅಂದ್ರೆ ಇನ್‌ಫ್ಲಮೇಟರಿ ಬ್ರೆಸ್ಟ್ ಕ್ಯಾನ್ಸರ್ ಇರಬಹುದು, ಅದು ಅಪರೂಪ ಆದ್ರೆ ಬಹಳ ವೇಗವಾಗಿ ಬೆಳೆಯೋದು, ಅಲ್ಲಿ ಕಾಯೋ ಹಾಗೇ ಇಲ್ಲ. ಸಮಾಧಾನದ ವಿಷಯ ಅಂದ್ರೆ ಸಿಗೋ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಫೈಬ್ರೊಅಡಿನೋಮ, ನೀರು ತುಂಬಿದ ಸಿಸ್ಟ್, ಹಾರ್ಮೋನ್ ಏರಿಳಿತದಿಂದ ಆಗೋ ಗಂಟು, ಹೀಗೆ. ಆದ್ರೆ ಯಾವುದು ಏನು ಅಂತ ಕೈಯಲ್ಲಿ ಮುಟ್ಟಿ ಗ್ಯಾರಂಟಿ ಹೇಳೋಕೆ ಎಷ್ಟು ಅನುಭವ ಇರೋ ಡಾಕ್ಟರಿಗೂ ಆಗಲ್ಲ.

ಅದಕ್ಕೇ ಮೂರು ಹಂತ ಇಟ್ಟಿದಾರೆ: ಡಾಕ್ಟರ್ ಪರೀಕ್ಷೆ ಮಾಡೋದು, ಚಿತ್ರ ತೆಗೆಯೋದು, ತುಣುಕು ತೆಗೆದು ನೋಡೋದು. ಮೂರೂ ಒಂದೇ ಮಾತು ಹೇಳ್ಬೇಕು, ಒಂದು ಬೇರೆ ಹೇಳಿದ್ರೂ ಮತ್ತೆ ನೋಡ್ಬೇಕು. ಚಿತ್ರ ಅಂದ್ರೆ ಮ್ಯಾಮೊಗ್ರಾಮ್ ಮತ್ತೆ ಅಲ್ಟ್ರಾಸೌಂಡ್. ಮ್ಯಾಮೊಗ್ರಾಮಲ್ಲಿ ಎದೆಯನ್ನ ಎರಡು ಪ್ಲೇಟ್ ಮಧ್ಯೆ ಒತ್ತಿ ಎಕ್ಸ್‌ರೇ ತೆಗೀತಾರೆ, ಕೆಲವು ಸೆಕೆಂಡ್ ನೋವಾಗತ್ತೆ, ಆದ್ರೆ ಒತ್ತಿದಷ್ಟೂ ಚಿತ್ರ ಸ್ಪಷ್ಟ, ರೇಡಿಯೇಷನ್ನೂ ಕಮ್ಮಿ ಸಾಕು. ಆ ರೇಡಿಯೇಷನ್ ಪ್ರಮಾಣ ಅಂದ್ರೆ ಸುಮಾರು ಏಳು ವಾರ ಸುಮ್ನೆ ಭೂಮಿ ಮೇಲೆ ಬದುಕಿದ್ರೆ ಮೈಗೆ ತಾಗೋವಷ್ಟು, ಅದಕ್ಕೆ ಹೆದರಬೇಕಾಗಿಲ್ಲ. ಚಿಕ್ಕ ವಯಸ್ಸಿನವರಲ್ಲಿ ಎದೆಯ ಅಂಗಾಂಶ ದಟ್ಟವಾಗಿರತ್ತೆ, ಮ್ಯಾಮೊಗ್ರಾಮಲ್ಲಿ ಅದೂ ಬಿಳಿ, ಗಡ್ಡೆನೂ ಬಿಳಿ, ಹಾಗಾಗಿ ಅವರಿಗೆ ಮೊದಲು ಅಲ್ಟ್ರಾಸೌಂಡ್ ಮಾಡ್ತಾರೆ. ಇನ್ನೊಂದು ಮಾತು, ಮ್ಯಾಮೊಗ್ರಾಮ್ ಸುಮಾರು ಎಂಟರಲ್ಲಿ ಒಂದು ಕ್ಯಾನ್ಸರನ್ನ ಹಿಡಿಯೋದೇ ಇಲ್ಲ. ಕೈಗೆ ಗಂಟು ಸಿಗ್ತಿದೆ, ಮ್ಯಾಮೊಗ್ರಾಮ್ ನಾರ್ಮಲ್ ಬಂತು ಅಂದ್ರೆ ಅಲ್ಲಿಗೆ ಮುಗೀಲಿಲ್ಲ, ಆ ಗಂಟು ಏನು ಅಂತ ಗೊತ್ತಾಗೋ ತನಕ ಬಿಡಬೇಡಿ.

ರಿಪೋರ್ಟ್ ಕೆಳಗೆ ಬೈರಾಡ್ಸ್ ಅಂತ ಒಂದು ನಂಬರ್ ಇರತ್ತೆ, ಅದನ್ನ ನೋಡಿ ಸ್ಟೇಜ್ 4 ಅಂತ ಅಂದ್ಕೊಂಡು ಅತ್ತವರಿದಾರೆ. ಅದು ಸ್ಟೇಜ್ ಅಲ್ಲ, ಚಿತ್ರ ನೋಡಿದ ಡಾಕ್ಟರಿಗೆ ಎಷ್ಟು ಅನುಮಾನ ಇದೆ ಅನ್ನೋದು ಅಷ್ಟೇ. 1 ಮತ್ತೆ 2 ಅಂದ್ರೆ ತೊಂದರೆ ಇಲ್ಲ. 3 ಅಂದ್ರೆ ಕ್ಯಾನ್ಸರ್ ಆಗಿರೋ ಸಾಧ್ಯತೆ 2 ಪರ್ಸೆಂಟ್ ಒಳಗೆ, ಸಾಮಾನ್ಯವಾಗಿ ಆರು ತಿಂಗಳು ಬಿಟ್ಟು ಮತ್ತೆ ನೋಡ್ತಾರೆ. 4 ಅಂದ್ರೆ ಬಯಾಪ್ಸಿ ಬೇಕು, ಇದು 2ರಿಂದ 95 ಪರ್ಸೆಂಟ್ ತನಕ ಹರಡಿರೋ ಗುಂಪು, ಅದಕ್ಕೇ 4ಎ, 4ಬಿ, 4ಸಿ ಅಂತ ಒಡೆದಿದಾರೆ. 5 ಅಂದ್ರೆ 95ಕ್ಕಿಂತ ಜಾಸ್ತಿ, 6 ಅಂದ್ರೆ ಬಯಾಪ್ಸಿಯಲ್ಲಿ ಆಗ್ಲೇ ಗೊತ್ತಾಗಿರೋದು. 0 ಅಂತ ಇದ್ರೆ ಇನ್ನೂ ಬೇರೆ ಚಿತ್ರ ಬೇಕು ಅಂತ ಅರ್ಥ.

ಈಗ ಬಯಾಪ್ಸಿ. ಸೂಜಿ ಚುಚ್ಚಿದ್ರೆ ಕ್ಯಾನ್ಸರ್ ಹರಡತ್ತೆ ಅನ್ನೋ ಮಾತು ಎಷ್ಟು ಜನರ ಜೀವಕ್ಕೆ ಕುತ್ತು ತಂದಿದೆಯೋ. ಸೂಜಿ ದಾರಿಯಲ್ಲಿ ಒಂದಷ್ಟು ಕೋಶ ಜರುಗಬಹುದು, ಆದ್ರೆ ಅದರಿಂದ ಕಾಯಿಲೆ ಹರಡಿ ಬದುಕುಳಿಯೋದು ಕಮ್ಮಿ ಆಗತ್ತೆ ಅನ್ನೋದಕ್ಕೆ ಪುರಾವೆ ಇಲ್ಲ, ಬಯಾಪ್ಸಿ ಮಾಡಿಸದೆ ಕೂತ್ರೆ ಹರಡೋದು ಮಾತ್ರ ಖಂಡಿತ ಆಗೋ ಅಪಾಯ. ಸಣ್ಣ ಸೂಜಿಯ ಎಫ್‌ಎನ್‌ಎಸಿಯಲ್ಲಿ ಬರೀ ಬಿಡಿ ಕೋಶಗಳು ಬರ್ತವೆ. ಈಗ ಬೇಕಾಗಿರೋದು ಕೋರ್ ಬಯಾಪ್ಸಿ, ಜಾಗ ಮರಗಟ್ಟಿಸಿ ಸ್ವಲ್ಪ ದಪ್ಪ ಸೂಜಿಯಲ್ಲಿ ಸಣ್ಣ ಕಡ್ಡಿಯಂಥ ತುಣುಕುಗಳನ್ನ ತೆಗೆಯೋದು, ಅರ್ಧ ಗಂಟೆ ಕೆಲಸ, ಅವತ್ತೇ ಮನೆಗೆ. ತುಣುಕು ಇದ್ರೆ ಗೋಡೆ ದಾಟಿದೆಯಾ ಇಲ್ವಾ ಅಂತ ಗೊತ್ತಾಗತ್ತೆ, ರಿಸೆಪ್ಟರ್ (ಬೆಳೆಯೋ ಸಿಗ್ನಲ್ ಹಿಡಿಯೋ ಪ್ರೋಟೀನ್) ಟೆಸ್ಟ್‌ಗಳನ್ನೂ ಮಾಡಬಹುದು. ಗಂಟು ಸಿಕ್ಕಿದ ಕೂಡ್ಲೇ ಏನು ಎತ್ತ ನೋಡದೆ ಮೊದಲು ಕತ್ತರಿಸಿ ತೆಗೆದು ಆಮೇಲೆ ಕ್ಯಾನ್ಸರ್ ಅಂತ ಗೊತ್ತಾಗೋದು ಇವತ್ತೂ ನಡೀತಿದೆ, ಅದಾದ್ರೆ ಪ್ಲಾನ್ ಎಲ್ಲ ಅಡಿಮೇಲಾಗತ್ತೆ, ಎರಡನೇ ಆಪರೇಷನ್ ಬೇಕಾಗಬಹುದು, ಮೊದಲು ಔಷಧಿ ಕೊಟ್ಟು ಗಡ್ಡೆ ಹೇಗೆ ಕರಗತ್ತೆ ನೋಡೋ ಅವಕಾಶನೂ ಹೋಗತ್ತೆ. ತೆಗೆದ ತುಣುಕನ್ನ ಫಾರ್ಮಲಿನ್‌ನಲ್ಲಿ ಕನಿಷ್ಠ 6 ಗಂಟೆ, ಹೆಚ್ಚೆಂದ್ರೆ 72 ಗಂಟೆ ಇಡಬೇಕು ಅಂತ ನಿಯಮ ಇದೆ, ಯಾಕಂದ್ರೆ ಸರಿಯಾಗಿ ಇಡದಿದ್ರೆ ರಿಸೆಪ್ಟರ್ ಇದ್ರೂ ಇಲ್ಲ ಅಂತ ಬರಬಹುದು. ರಿಪೋರ್ಟಿಗೆ ಒಂದೆರಡು ವಾರ ಹಿಡಿದ್ರೆ ಅದು ಲೇಟ್ ಮಾಡೋದಲ್ಲ, ಆ ಕಾಯೋದು ಬೇಕಾದ ಕಾಯೋದೇ. ಹೆದರಿಕೊಂಡು ಗಂಟನ್ನ ಮನೆಯವರಿಂದ ಮುಚ್ಚಿಟ್ಟು ಕಳೆಯೋ ಆರು ತಿಂಗಳಿದೆಯಲ್ಲ, ಹಾನಿ ಮಾಡೋದು ಅದು. ಡಾಕ್ಟರ್ ಹತ್ರ ಮೊದಲ ಸಲ ಹೋದ 60 ದಿನದೊಳಗೆ ಡಯಾಗ್ನೊಸಿಸ್ ಮುಗಿಬೇಕು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರೋ ಗುರಿ.

ರಿಪೋರ್ಟ್ ಬಂತು. ಮೊದಲ ಸಾಲಲ್ಲಿ ವಿಧ ಇರತ್ತೆ, ಇನ್ವೇಸಿವ್ ಡಕ್ಟಲ್ ಅಥವಾ ನೋ ಸ್ಪೆಷಲ್ ಟೈಪ್ ಅಂತ ಬರೆದಿದ್ರೆ ಅದು ನಾಳದ ಥರದ್ದು, ನಾಲ್ಕರಲ್ಲಿ ಮೂರು ಹತ್ರ ಹತ್ರ ಇದೇ. ಲೋಬ್ಯುಲರ್ ಅಂದ್ರೆ ಗ್ರಂಥಿ ಥರದ್ದು, ಇದು ಗಂಟು ಕಟ್ಟದೆ ಸಾಲು ಸಾಲಾಗಿ ಹರಡೋದ್ರಿಂದ ಮ್ಯಾಮೊಗ್ರಾಮಲ್ಲಿ ತಪ್ಪಿಸ್ಕೊಳ್ಳತ್ತೆ, ಎಂಆರ್‌ಐ ಮಾಡಿಸಿ ಅಂತ ಹೇಳಬಹುದು. ಎರಡನೇದು ಗ್ರೇಡ್. ಕೋಶಗಳು ನಾರ್ಮಲ್‌ನಿಂದ ಎಷ್ಟು ದೂರ ಹೋಗಿವೆ, ಎಷ್ಟು ವೇಗವಾಗಿ ಒಡೀತಿವೆ ಅಂತ ಮೂರು ವಿಷಯಕ್ಕೆ ಒಂದರಿಂದ ಮೂರು ಅಂಕ ಕೊಟ್ಟು ಕೂಡ್ತಾರೆ, 3ರಿಂದ 5 ಬಂದ್ರೆ ಗ್ರೇಡ್ 1, 6-7 ಬಂದ್ರೆ 2, 8-9 ಬಂದ್ರೆ 3. ಗ್ರೇಡ್ 3 ಅಂದ್ರೆ ಸ್ಟೇಜ್ 3 ಅಲ್ಲ, ಗ್ರೇಡ್ ಹೇಳೋದು ಸ್ವಭಾವ, ಸ್ಟೇಜ್ ಹೇಳೋದು ಎಲ್ಲಿ ತನಕ ಹೋಗಿದೆ ಅಂತ. ಕೆಐ-67 ಅಂತ ಒಂದು ಪರ್ಸೆಂಟ್ ಕೂಡ ಇರತ್ತೆ, ಎಷ್ಟು ಕೋಶಗಳು ಒಡೆಯೋ ಹಂತದಲ್ಲಿವೆ ಅಂತ, ಆದ್ರೆ ಇದು ಲ್ಯಾಬ್‌ನಿಂದ ಲ್ಯಾಬ್‌ಗೆ ಬದಲಾಗತ್ತೆ, ಇದೊಂದನ್ನೇ ಹಿಡ್ಕೊಂಡು ಕೊರಗೋದು ಬೇಡ.

ಇದಕ್ಕಿಂತ ಮುಖ್ಯವಾದ ಮೂರು ಅಕ್ಷರಗುಚ್ಛ ಇಆರ್, ಪಿಆರ್, ಹರ್2. ಇಆರ್ ಅಂದ್ರೆ ಈಸ್ಟ್ರೋಜೆನ್ ರಿಸೆಪ್ಟರ್, ಪಿಆರ್ ಅಂದ್ರೆ ಪ್ರೊಜೆಸ್ಟೆರಾನ್ ರಿಸೆಪ್ಟರ್. ಕ್ಯಾನ್ಸರ್ ಕೋಶದೊಳಗೆ ಈ ಪ್ರೋಟೀನ್ ಇದ್ರೆ ನಮ್ಮದೇ ಮೈಯ ಹಾರ್ಮೋನ್ ಅದಕ್ಕೆ ಅಂಟಿಕೊಂಡು ಬೆಳೆಯೋಕೆ ಹೇಳ್ತಿದೆ ಅಂತ ಅರ್ಥ. 1 ಪರ್ಸೆಂಟ್ ಕೋಶಗಳಲ್ಲಿ ಇದ್ರೂ ಪಾಸಿಟಿವ್ ಅಂತಾನೇ ಲೆಕ್ಕ, 90 ಅಂತ ಇದ್ರೆ ಗಾಬರಿ ಬೇಡ, ಅದು ಒಳ್ಳೇದೇ, ಹಾರ್ಮೋನ್ ತಡೆಯೋ ಮಾತ್ರೆ ಚೆನ್ನಾಗಿ ಕೆಲಸ ಮಾಡತ್ತೆ. ಹರ್2 ಅನ್ನೋದು ಕೋಶದ ಮೇಲಿನ ಇನ್ನೊಂದು ಪ್ರೋಟೀನ್, ಅದು ವಿಪರೀತ ಆದ್ರೆ ಕೋಶ ಬಿಡದೆ ಬೆಳೆಯತ್ತೆ. ಇದಕ್ಕೆ 0, 1+, 2+, 3+ ಅಂತ ಅಂಕ, 3+ ಅಂದ್ರೆ ಪಾಸಿಟಿವ್, 0 ಮತ್ತೆ 1+ ನೆಗೆಟಿವ್, 2+ ಬಂದ್ರೆ ಖಚಿತ ಇಲ್ಲ ಅಂತ ಫಿಶ್ ಅನ್ನೋ ಇನ್ನೊಂದು ಟೆಸ್ಟ್ ಮಾಡಲೇಬೇಕು. ಆ ಫಿಶ್ ರಿಪೋರ್ಟ್ ಬರದೆ ಟ್ರೀಟ್‌ಮೆಂಟ್ ಶುರು ಮಾಡೋಕೆ ಅವಸರ ಮಾಡಬೇಡಿ. ಮೂರೂ ಇಲ್ಲದಿದ್ರೆ ಅದು ಟ್ರಿಪಲ್ ನೆಗೆಟಿವ್, ಸುಮಾರು 10ರಿಂದ 15 ಪರ್ಸೆಂಟ್. ಹಾರ್ಮೋನ್ ಪಾಸಿಟಿವ್ ಸುಮಾರು 70 ಪರ್ಸೆಂಟ್, ಹರ್2 ಪಾಸಿಟಿವ್ 15ರಿಂದ 20, ಇದರಲ್ಲಿ ಕೆಲವರಿಗೆ ಎರಡೂ ಒಟ್ಟಿಗೆ ಇರತ್ತೆ. ಮೊದಲಲ್ಲಿ ಹೇಳಿದ ಮೂವರ ಟ್ರೀಟ್‌ಮೆಂಟ್ ಬೇರೆ ಬೇರೆ ಆಗಿದ್ದು ಇಲ್ಲೇ.

ಸ್ಟೇಜ್ ನೋಡೋದು ಗಡ್ಡೆಯ ಸೈಜ್, ಕಂಕುಳಿನ ಗ್ರಂಥಿ, ದೂರದ ಅಂಗ ಇವು ಮೂರರಿಂದ. 2 ಸೆಂಟಿಮೀಟರ್ ಒಳಗಿದ್ರೆ ಟಿ1, 2ರಿಂದ 5 ಟಿ2, 5ಕ್ಕಿಂತ ದೊಡ್ಡದು ಟಿ3, ಚರ್ಮಕ್ಕೋ ಎದೆಗೂಡಿನ ಗೋಡೆಗೋ ಹೋಗಿದ್ರೆ ಟಿ4. ತುಂಬ ಆರಂಭದ ಹಂತದಲ್ಲಿ, ಲಕ್ಷಣ ಏನೂ ಇಲ್ಲದವರಿಗೆ ಇಡೀ ಮೈ ನೋಡೋ ಪೆಟ್ ಸ್ಕ್ಯಾನ್ ಬೇಕಾಗಲ್ಲ, ಮಾಡಿಸಿಲ್ಲ ಅಂದ್ರೆ ನಿರ್ಲಕ್ಷ್ಯ ಅಲ್ಲ. ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಲೆಕ್ಕದಲ್ಲಿ ಕಾಯಿಲೆ ಸ್ತನದೊಳಗೇ ಇದ್ದಾಗ ಸಿಕ್ಕಿದವರ ಐದು ವರ್ಷದ ಬದುಕುಳಿಯೋ ಪ್ರಮಾಣ 99 ಪರ್ಸೆಂಟ್ ದಾಟತ್ತೆ, ಕಂಕುಳಿಗೆ ಹೋಗಿದ್ರೆ ಸುಮಾರು 87, ದೂರದ ಅಂಗಕ್ಕೆ ಹೋಗಿದ್ರೆ ಸುಮಾರು 32. ಬೇಗ ಹೋಗಿ ಅಂತ ಎಲ್ಲರೂ ಬಡ್ಕೊಳ್ಳೋದು ಈ ನಂಬರಿನ ವ್ಯತ್ಯಾಸಕ್ಕೇ.

ಆಪರೇಷನ್ ವಿಷಯದಲ್ಲಿ ಒಂದು ಇತಿಹಾಸ ಹೇಳ್ಲೇಬೇಕು. 19ನೇ ಶತಮಾನದ ಕೊನೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಅನ್ನೋ ಅಮೆರಿಕದ ಸರ್ಜನ್ ಇಡೀ ಸ್ತನ, ಅದರ ಕೆಳಗಿನ ಎದೆಯ ಸ್ನಾಯು, ಕಂಕುಳಿನ ಗ್ರಂಥಿ ಎಲ್ಲ ಸೇರಿಸಿ ತೆಗೆಯೋ ಆಪರೇಷನ್ನನ್ನ ಜನಪ್ರಿಯ ಮಾಡಿದ, ಎಷ್ಟು ಜಾಸ್ತಿ ತೆಗೆದ್ರೆ ಅಷ್ಟು ಒಳ್ಳೇದು ಅನ್ನೋ ನಂಬಿಕೆ ಎಪ್ಪತ್ತೆಂಬತ್ತು ವರ್ಷ ನಡೀತು, ಲಕ್ಷಾಂತರ ಹೆಂಗಸರು ಕೈ ಎತ್ತೋಕೂ ಆಗದೆ ಬದುಕಿದ್ರು. ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್, ಇಟಲಿಯಲ್ಲಿ ಉಂಬರ್ಟೊ ವೆರೊನೇಸಿ ಇದನ್ನ ಪ್ರಶ್ನೆ ಮಾಡಿ ಟ್ರಯಲ್ ನಡೆಸಿದ್ರು, 2002ರಲ್ಲಿ ಇಬ್ಬರದ್ದೂ 20 ವರ್ಷದ ಫಲಿತಾಂಶ ಬಂತು: ಗಡ್ಡೆ ಮತ್ತೆ ಸುತ್ತಲಿನ ಸ್ವಲ್ಪ ಭಾಗ ಮಾತ್ರ ತೆಗೆದು ರೇಡಿಯೇಷನ್ ಕೊಟ್ಟವರೂ, ಪೂರ್ತಿ ಸ್ತನ ತೆಗೆಸಿಕೊಂಡವರೂ ಬದುಕಿದ್ದು ಒಂದೇ ಪ್ರಮಾಣದಲ್ಲಿ. ಇಷ್ಟಾದ್ರೂ ಪೂರ್ತಿ ತೆಗೆಸಿಬಿಡಿ ಡಾಕ್ಟ್ರೇ ರಿಸ್ಕ್ ಬೇಡ ಅಂತ ಮನೆಯ ಗಂಡಸರು ಅವಳನ್ನ ಕೇಳದೇ ತೀರ್ಮಾನ ಮಾಡ್ತಾರೆ, ನನಗೆ ಅದು ಸರಿ ಅನ್ಸಲ್ಲ. ಅವಳ ಮೈ, ಅವಳನ್ನ ಕೇಳಿ. ಹಲವು ಕಡೆ ಗಡ್ಡೆ ಇದ್ರೆ, ಸ್ತನದ ಸೈಜಿಗೆ ಗಡ್ಡೆ ತುಂಬ ದೊಡ್ಡದಿದ್ರೆ, ರೇಡಿಯೇಷನ್ ಕೊಡೋಕಾಗದಿದ್ರೆ ಪೂರ್ತಿ ತೆಗೆಯೋದು ಬೇಕಾಗತ್ತೆ, ಆಗ ಅದೇ ಆಪರೇಷನ್ನಲ್ಲಿ ಅಥವಾ ಆಮೇಲೆ ಸ್ತನ ಮತ್ತೆ ಕಟ್ಟೋದೂ ಸಾಧ್ಯ, ಕೇಳಿ ನೋಡಿ.

ಕಂಕುಳಿಂದೂ ಹಾಗೇ. ಮೊದಲು ಎಲ್ಲ ಗ್ರಂಥಿ ತೆಗೀತಿದ್ರು, ಕೈ ಊದಿ ಲಿಂಫೆಡೀಮ ಆಗ್ತಿತ್ತು. ಈಗ ನೀಲಿ ಬಣ್ಣ ಅಥವಾ ಸ್ವಲ್ಪ ರೇಡಿಯೋಆಕ್ಟಿವ್ ದ್ರವ ಹಾಕಿ, ಗಡ್ಡೆಯಿಂದ ಹೊರಟ ಲಿಂಫ್ ಮೊದಲು ಸೇರೋ ಒಂದೆರಡು ಮೂರು ಗ್ರಂಥಿ ಮಾತ್ರ ಹುಡುಕಿ ತೆಗೀತಾರೆ, ಸೆಂಟಿನಲ್ ನೋಡ್ ಅಂತ. ಅದರಲ್ಲಿ ಕ್ಯಾನ್ಸರ್ ಇಲ್ಲ ಅಂದ್ರೆ ಉಳಿದದ್ದು ಮುಟ್ಟೋದಿಲ್ಲ. ರೇಡಿಯೇಷನ್ ಕೂಡ ಮೊದಲು ಐದು ವಾರ 25 ಸಲ ಇತ್ತು, ಈಗ ಬಹಳ ಜನಕ್ಕೆ ಮೂರು ವಾರ 15 ಸಲ, ಕೆಲವರಿಗೆ ಒಂದೇ ವಾರ 5 ಸಲ ಸಾಕು ಅಂತ 2020ರಲ್ಲಿ ಬಂದ ಬ್ರಿಟನ್ನಿನ ಟ್ರಯಲ್ ತೋರಿಸ್ತು. ಹೊರಗಿನಿಂದ ಕೊಡೋ ರೇಡಿಯೇಷನ್ ಮೈಯಲ್ಲಿ ಉಳಿಯಲ್ಲ, ಮಗು ಎತ್ಕೊಳ್ಳಬಹುದು.

ಔಷಧಿಗೆ ಬರೋಣ. 1896ರಲ್ಲೇ ಗ್ಲಾಸ್ಗೋದ ಜಾರ್ಜ್ ಬೀಟ್ಸನ್ ಅಂಡಾಶಯ ತೆಗೆದ್ರೆ ಕೆಲವರ ಬ್ರೆಸ್ಟ್ ಕ್ಯಾನ್ಸರ್ ಕುಗ್ಗತ್ತೆ ಅಂತ ಬರೆದಿದ್ದ, ಆಗ ಈಸ್ಟ್ರೋಜೆನ್ ಅನ್ನೋ ಹಾರ್ಮೋನ್ ಇದೆ ಅಂತಾನೇ ಯಾರಿಗೂ ಗೊತ್ತಿರಲಿಲ್ಲ. ಇವತ್ತು ಅದೇ ಕೆಲಸ ಮಾತ್ರೆ ಮಾಡತ್ತೆ. ಟ್ಯಾಮೊಕ್ಸಿಫೆನ್ ರಿಸೆಪ್ಟರ್ ಮೇಲೆ ಹೋಗಿ ಕೂತು ಈಸ್ಟ್ರೋಜೆನ್‌ಗೆ ಜಾಗ ಕೊಡಲ್ಲ, ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಥರದವು ಮುಟ್ಟು ನಿಂತವರ ಮೈಯಲ್ಲಿ ಈಸ್ಟ್ರೋಜೆನ್ ತಯಾರಾಗೋದನ್ನೇ ತಡೀತವೆ. ಮುಟ್ಟು ನಿಲ್ಲದವರಿಗೆ ಎರಡನೇ ಥರದ್ದು ಕೊಡಬೇಕು ಅಂದ್ರೆ ಅಂಡಾಶಯದ ಕೆಲಸ ನಿಲ್ಲಿಸೋ ಇಂಜೆಕ್ಷನ್ ಜೊತೆಗೆ ಬೇಕು. ಐದು ವರ್ಷ ಟ್ಯಾಮೊಕ್ಸಿಫೆನ್ ತಗೊಂಡ್ರೆ ಹಾರ್ಮೋನ್ ಪಾಸಿಟಿವ್ ಇರೋರಲ್ಲಿ ಸಾವಿನ ಪ್ರಮಾಣ ಸುಮಾರು ಮೂರನೇ ಒಂದು ಭಾಗ ಇಳಿಯತ್ತೆ. ಒಂದು ಸಣ್ಣ ಮಾತ್ರೆ, ನೋಡೋಕೆ ಏನೂ ಅಲ್ಲ ಅನ್ಸತ್ತೆ, ಆದ್ರೆ ಈ ಗುಂಪಿನವರಿಗೆ ಬಹಳ ಸಲ ಕೀಮೋಗಿಂತ ಜಾಸ್ತಿ ಉಪಯೋಗ ಆಗೋದು ಇದೇ. ಕಂಕುಳಿನ ಗ್ರಂಥಿಗೆ ಹೋಗಿರದ ಹಾರ್ಮೋನ್ ಪಾಸಿಟಿವ್, ಹರ್2 ನೆಗೆಟಿವ್ ಕ್ಯಾನ್ಸರಲ್ಲಿ ಕೀಮೋ ಬೇಕಾ ಬೇಡ್ವಾ ಅಂತ ಹೇಳೋ 21 ಜೀನ್‌ಗಳ ಟೆಸ್ಟ್ ಇದೆ, ಅದರ ಮೇಲೆ ನಡೆದ ಟೈಲರ್‌ಎಕ್ಸ್ ಟ್ರಯಲ್ 2018ರಲ್ಲಿ ಹೇಳಿದ್ದು 50 ದಾಟಿದವರಲ್ಲಿ ಸ್ಕೋರ್ 25ರ ತನಕ ಇದ್ರೆ ಕೀಮೋದಿಂದ ಹೆಚ್ಚಿನ ಲಾಭ ಇಲ್ಲ ಅಂತ. ಅಂದ್ರೆ ಕೀಮೋ ಕೊಡ್ಲಿಲ್ಲ ಅಂತ ಅರೆಬರೆ ಟ್ರೀಟ್‌ಮೆಂಟ್ ಅಂದ್ಕೋಬೇಡಿ.

ಹರ್2 ಕಥೆ ಇನ್ನೂ ದೊಡ್ಡದು. ಒಂದು ಕಾಲದಲ್ಲಿ ಹರ್2 ಪಾಸಿಟಿವ್ ಅಂದ್ರೆ ಡಾಕ್ಟರುಗಳೇ ತಲೆ ತಗ್ಗಿಸ್ತಿದ್ರು, ಅಷ್ಟು ಕೆಟ್ಟದು. ಡೆನಿಸ್ ಸ್ಲೇಮನ್ ಮತ್ತೆ ಅವರ ಜೊತೆಯವರ ಕೆಲಸದಿಂದ ಟ್ರಸ್ಟುಜುಮ್ಯಾಬ್ ಅನ್ನೋ ಆಂಟಿಬಾಡಿ ಬಂತು, 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು, 2005ರ ಫಲಿತಾಂಶಗಳಲ್ಲಿ ಆರಂಭದ ಹಂತದವರಿಗೆ ಕೊಟ್ರೆ ಮರುಕಳಿಸೋದು ಅರ್ಧಕ್ಕೆ ಇಳಿಯತ್ತೆ ಅಂತ ಗೊತ್ತಾಯ್ತು. ಈಗ ಒಂದು ವರ್ಷ ಕೊಡ್ತಾರೆ, ಹೃದಯದ ಮೇಲೆ ಪರಿಣಾಮ ಆಗಬಹುದು ಅಂತ ಮೂರು ತಿಂಗಳಿಗೊಮ್ಮೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸ್ತಾರೆ, ಅದನ್ನ ತಪ್ಪಿಸಬೇಡಿ. ಟ್ರಿಪಲ್ ನೆಗೆಟಿವ್‌ಗೆ ಕೀಮೋನೇ ಮುಖ್ಯ ಆಧಾರ, ಅದರ ಜೊತೆಗೆ ಈಗ ಪೆಂಬ್ರೊಲಿಜುಮ್ಯಾಬ್ ಅನ್ನೋ ಇಮ್ಯುನೋಥೆರಪಿ (ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸೋ ಔಷಧಿ) ಸೇರಿದೆ, ಬಿಆರ್‌ಸಿಎ ದೋಷ ಇರೋರಿಗೆ ಒಲಾಪರಿಬ್ ಇದೆ.

ಮೊದಲು ಕೀಮೋ ಆಮೇಲೆ ಆಪರೇಷನ್ ಅಂದಾಗ ಜನ ಹೆದರೋದು, ಆಪರೇಷನ್ ಮಾಡೋಕೆ ಆಗದ ಹಂತಕ್ಕೆ ಹೋಗಿದೆಯೇನೋ ಅಂತ. ಹರ್2 ಪಾಸಿಟಿವ್ ಮತ್ತೆ ಟ್ರಿಪಲ್ ನೆಗೆಟಿವ್‌ನಲ್ಲಿ ಗಡ್ಡೆ 2 ಸೆಂಟಿಮೀಟರ್ ಇದ್ರೂ ಹೀಗೇ ಮಾಡ್ತಾರೆ. ಗಡ್ಡೆ ಕುಗ್ಗಿದ್ರೆ ಸ್ತನ ಉಳಿಸೋದು ಸುಲಭ ಅನ್ನೋದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಆ ಔಷಧಿ ಈ ಕ್ಯಾನ್ಸರಿಗೆ ನಾಟ್ತಿದೆಯಾ ಅಂತ ಕಣ್ಣಾರೆ ಗೊತ್ತಾಗತ್ತೆ. ಆಪರೇಷನ್ನಲ್ಲಿ ತೆಗೆದ ಭಾಗದಲ್ಲಿ ಕ್ಯಾನ್ಸರ್ ಕೋಶ ಒಂದೂ ಉಳಿದಿಲ್ಲ ಅಂದ್ರೆ ಬಹಳ ಒಳ್ಳೇ ಸೂಚನೆ, ಉಳಿದಿದ್ರೆ ಆಮೇಲೆ ಬೇರೆ ಔಷಧಿಗೆ ಬದಲಾಯಿಸ್ತಾರೆ, ಹರ್2ಗೆ ಟಿ-ಡಿಎಂ1, ಟ್ರಿಪಲ್ ನೆಗೆಟಿವ್‌ಗೆ ಕೆಪೆಸಿಟಬಿನ್ ಮಾತ್ರೆ ಹೀಗೆ. ಮೊದಲೇ ಕತ್ತರಿಸಿಬಿಟ್ರೆ ಈ ಮಾಹಿತಿ ಸಿಗೋದೇ ಇಲ್ಲ. ಕೀಮೋಗೆ ಮುಂಚೆ ಗಡ್ಡೆಯೊಳಗೆ ಒಂದು ಸಣ್ಣ ಲೋಹದ ಕ್ಲಿಪ್ ಇಡ್ತಾರೆ, ಗಡ್ಡೆ ಪೂರ್ತಿ ಕರಗಿಹೋದ್ರೆ ಎಲ್ಲಿತ್ತು ಅಂತ ಸರ್ಜನ್‌ಗೆ ಗೊತ್ತಾಗಬೇಕಲ್ಲ. ಕ್ಲಿಪ್ ಹಾಕಿದ್ರಾ ಅಂತ ಕೇಳೋದು ಮರೀಬೇಡಿ.

ಕೀಮೋ ಅಂದ್ರೆ ಕೂದಲು ಉದುರತ್ತೆ, ಮುಗಿದ ಮೇಲೆ ಬರತ್ತೆ. ವಾಂತಿಗೆ ಈಗಿನ ಔಷಧಿಗಳು ತುಂಬ ಚೆನ್ನಾಗಿವೆ. ಕೈಕಾಲು ಜುಮ್ಮೆನ್ನೋದು ಪ್ಯಾಕ್ಲಿಟ್ಯಾಕ್ಸೆಲ್ ಥರದವಕ್ಕೆ ಸಾಮಾನ್ಯ, ಹೇಳಿದ್ರೆ ಡೋಸ್ ಸರಿ ಮಾಡ್ತಾರೆ. ಮನೆಯವರು ಒಂದು ವಿಷಯ ಮಾತ್ರ ಗೋಡೆ ಮೇಲೆ ಬರೆದಿಡಿ: ಕೀಮೋ ನಡೀತಿರೋವಾಗ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ರೆ, ಮಧ್ಯರಾತ್ರಿ ಆಗಿದ್ರೂ ಸರಿ, ಆಸ್ಪತ್ರೆಗೆ ಹೋಗ್ಬೇಕು. ಬಿಳಿ ರಕ್ತಕಣ ಇಳಿದಿರತ್ತೆ, ಜ್ವರದ ಮಾತ್ರೆ ಕೊಟ್ಟು ಬೆಳಗ್ಗೆ ನೋಡೋಣ ಅಂದ್ರೆ ಜೀವಕ್ಕೇ ಅಪಾಯ. ಮುಂದೆ ಮಕ್ಕಳು ಬೇಕು ಅಂತಿರೋ ಚಿಕ್ಕ ವಯಸ್ಸಿನವರು ಕೀಮೋ ಶುರು ಆಗೋ ಮೊದಲೇ ಹೇಳಿ, ಅಂಡಾಣು ಅಥವಾ ಭ್ರೂಣ ತೆಗೆದಿಡೋಕೆ ಎರಡು ವಾರ ಸಾಕಾಗಬಹುದು, ಆ ಮಾತು ಎತ್ತೋಕೆ ಸಂಕೋಚ ಬೇಡ.

ಸ್ಟೇಜ್ 4 ಅಂದ್ರೆ ಪೂರ್ತಿ ವಾಸಿ ಮಾಡೋದು ಸಾಮಾನ್ಯವಾಗಿ ಸಾಧ್ಯ ಇಲ್ಲ, ಅದನ್ನ ಮುಚ್ಚಿಟ್ಟು ಹೇಳಬಾರದು. ಆದ್ರೆ ಇವತ್ತೋ ನಾಳೆಯೋ ಅಂತಾನೂ ಅಲ್ಲ. ಹಾರ್ಮೋನ್ ಪಾಸಿಟಿವ್ ಇರೋರಿಗೆ ಪಾಲ್ಬೊಸಿಕ್ಲಿಬ್, ರೈಬೊಸಿಕ್ಲಿಬ್ ಥರದ ಮಾತ್ರೆಗಳು ಬಂದ್ಮೇಲೆ ಎಷ್ಟೋ ಜನ ವರ್ಷಗಟ್ಟಲೆ ಕೆಲಸ ಮಾಡ್ಕೊಂಡು ಮನೆ ನೋಡ್ಕೊಂಡು ಇದಾರೆ. ನೋವು ತಗ್ಗಿಸೋ ಪ್ಯಾಲಿಯೇಟಿವ್ ಡಾಕ್ಟರನ್ನ ಕೊನೇ ದಿನಗಳಿಗೆ ಅಂತ ಕಾಯದೆ ಮೊದಲಿಂದಲೇ ಜೊತೆಗಿಟ್ಕೊಂಡ್ರೆ ದಿನಗಳು ಹಗುರ ಆಗ್ತವೆ.

ಟ್ರೀಟ್‌ಮೆಂಟ್ ಮುಗಿದವರಿಗೆ ವರ್ಷಕ್ಕೊಂದು ಮ್ಯಾಮೊಗ್ರಾಮ್, ಮೊದಲು ಕೆಲವು ತಿಂಗಳಿಗೊಮ್ಮೆ ಆಮೇಲೆ ವರ್ಷಕ್ಕೊಮ್ಮೆ ಡಾಕ್ಟರ್ ನೋಡೋದು, ಇಷ್ಟು ಸಾಕು. ಲಕ್ಷಣ ಇಲ್ಲದೆ ಸುಮ್ನೆ ಪೆಟ್ ಸ್ಕ್ಯಾನ್, ಟ್ಯೂಮರ್ ಮಾರ್ಕರ್ ಅನ್ನೋ ರಕ್ತ ಪರೀಕ್ಷೆ ಮಾಡಿಸ್ತಾ ಹೋದ್ರೆ ಆಯಸ್ಸು ಜಾಸ್ತಿ ಆಗಲ್ಲ, ಆತಂಕ ಜಾಸ್ತಿ ಆಗತ್ತೆ. ವಾರಗಟ್ಟಲೆ ಬಿಡದ ಮೂಳೆ ನೋವು, ಕೆಮ್ಮು, ಉಸಿರಾಟದ ತೊಂದರೆ, ತಲೆನೋವು, ಕಾರಣ ಇಲ್ಲದೆ ತೂಕ ಇಳಿಯೋದು ಇದ್ರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಹೋಗಿ. ಹಾರ್ಮೋನ್ ತಡೆಯೋ ಮಾತ್ರೆ ಐದು ವರ್ಷ, ಕೆಲವರಿಗೆ ಹತ್ತು ವರ್ಷ, ಆ ದಾರೀಲಿ ಬಹಳ ಜನ ಮಧ್ಯದಲ್ಲೇ ಯಾರಿಗೂ ಹೇಳದೆ ನಿಲ್ಲಿಸಿಬಿಡ್ತಾರೆ, ಮೈಯೆಲ್ಲ ಬಿಸಿಬಿಸಿ ಆಗತ್ತೆ, ಕೀಲು ಹಿಡಿಯತ್ತೆ, ನಿದ್ದೆ ಬರಲ್ಲ, ಮನಸ್ಸು ಕುಗ್ಗತ್ತೆ, ಆದ್ರೆ ಮೇಲ್ನೋಟಕ್ಕೆ ಕಾಯಿಲೆ ಇಲ್ವಲ್ಲ ಅಂತ. ಕೀಲು ನೋವಿಗೆ ವ್ಯಾಯಾಮ ನಿಜವಾಗ್ಲೂ ಸಹಾಯ ಮಾಡತ್ತೆ, ಒಂದು ಮಾತ್ರೆ ಒಗ್ಗದಿದ್ರೆ ಅದೇ ಗುಂಪಿನ ಇನ್ನೊಂದಕ್ಕೆ ಬದಲಾಯಿಸಬಹುದು, ಮೂಳೆ ಸವೆಯತ್ತೆ ಅಂದ್ರೆ ಅದಕ್ಕೂ ಔಷಧಿ ಇದೆ, ಡಿಪ್ರೆಶನ್ ಮಾತ್ರೆ ಬೇಕಾದ್ರೆ ಟ್ಯಾಮೊಕ್ಸಿಫೆನ್ ಜೊತೆ ಹೊಂದೋದನ್ನೇ ಆರಿಸಿ ಕೊಡ್ತಾರೆ, ಯಾಕಂದ್ರೆ ಪ್ಯಾರೊಕ್ಸಿಟಿನ್ ಥರದ ಕೆಲವು ಅದರ ಶಕ್ತಿ ಕುಗ್ಗಿಸಬಹುದು. ನಿಲ್ಲಿಸೋ ಮೊದಲು ಒಂದು ಸಲ ಡಾಕ್ಟರಿಗೆ ಹೇಳಿ, ಆಗ್ತಿಲ್ಲ, ಬೇರೆ ಏನಾದ್ರೂ ಮಾಡಿ ಅಂತ.